ಬ್ಯಾಕಪ್ ಇದೆ ಅಂತ ನಂಬಿ ಕೆಟ್ಟೆ: ಎಫ್‌ಎಂ ಸಿಂಥ್ ಇರುವವರು ಒಮ್ಮೆ ಓದಿ

ಮೊದಲೇ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಎಫ್‌ಎಂ ಸಿಂಥ್, ಅಂದರೆ ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ಸದ್ದು ಹುಟ್ಟಿಸುವ ಕೀಬೋರ್ಡ್, ಇದೆಯಾ? ಅದರ ಸೌಂಡ್‌ಗಳನ್ನು ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ನಲ್ಲಿ (ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ತಂತಿ) ಕಂಪ್ಯೂಟರಿಗೆ ಇಳಿಸಿಟ್ಟು ನೆಮ್ಮದಿಯಾಗಿದ್ದೀರಾ? ಹಾಗಾದರೆ ಆ ಫೈಲ್ ಎಷ್ಟು ಬೈಟ್ ಇದೆ ಅಂತ ಇವತ್ತೇ ನೋಡಿ. ನಾನು ನೋಡಲಿಲ್ಲ. ಒಂದು ವರ್ಷ ಕೂತು ಮಾಡಿದ್ದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ನಾನು ಮಂಡ್ಯ ಕಡೆಯವನು. ಹೊಟ್ಟೆಪಾಡಿಗೆ ಬೇರೆ ಕೆಲಸ, ಹಬ್ಬ ಜಾತ್ರೆ ಬಂದರೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಎರಡು ವರ್ಷದ ಹಿಂದೆ ಈಗಿನ ಕಾಲದ್ದೇ ಒಂದು ಎಫ್‌ಎಂ ಸಿಂಥ್ ತಗೊಂಡೆ. ಯಾವುದು ಅಂತ ಕೇಳಬೇಡಿ, ತಪ್ಪು ಅದರದ್ದಲ್ಲ. ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), 32 ಆಲ್ಗರಿದಮ್ (ಅವನ್ನು ಜೋಡಿಸುವ ಬಗೆ), ಒಳಗೆ 32 ಸೌಂಡ್ ಇಡುವಷ್ಟು ಜಾಗ. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಇದೆಯಲ್ಲ, ಅದರ ಫೈಲ್‌ಗಳನ್ನು ಇದೂ ಓದುತ್ತದೆ, ಹೊರಗೆ ಕಳಿಸುವಾಗಲೂ ಅದೇ ರೂಪದಲ್ಲಿ ಕಳಿಸುತ್ತದೆ. ನಾನು ತಗೊಂಡಿದ್ದೇ ಅದಕ್ಕೆ. ಎಲ್ಲ ಎಫ್‌ಎಂ ಸಿಂಥ್‌ಗಳೂ ಹೀಗಲ್ಲ. ಯಮಹಾ ರಿಫೇಸ್ ಡಿಎಕ್ಸ್‌ನಲ್ಲಿ ಇರುವುದು ನಾಲ್ಕೇ ಆಪರೇಟರ್, ಡಿಎಕ್ಸ್7 ಫೈಲ್ ಅದಕ್ಕೆ ನೇರವಾಗಿ ಹಿಡಿಸುವುದಿಲ್ಲ. ಕೊರ್ಗ್ ವೋಲ್ಕಾ ಎಫ್‌ಎಂಗೆ ಹಿಡಿಸುತ್ತದೆ.

ಕಳೆದುಕೊಂಡಿದ್ದು ಏನು ಅಂತ ಗೊತ್ತಾಗಬೇಕಾದರೆ ಎಫ್‌ಎಂ ಬಗ್ಗೆ ಎರಡು ಮಾತು ಹೇಳಲೇಬೇಕು. ಅನಲಾಗ್ ಸಿಂಥ್‌ನಲ್ಲಿ ದಪ್ಪ ಸದ್ದು ತಗೊಂಡು ಫಿಲ್ಟರ್‌ನಲ್ಲಿ ಸೋಸುತ್ತೀರಿ. ಯಾವ ನಾಬ್ ತಿರುಗಿಸಿದರೆ ಏನಾಗುತ್ತದೆ ಅಂತ ಕೈಗೇ ಗೊತ್ತಿರುತ್ತದೆ. ಸೌಂಡ್ ಅಳಿಸಿಹೋದರೂ ಅರ್ಧ ಗಂಟೆಯಲ್ಲಿ ಹತ್ತಿರ ಹತ್ತಿರ ಬಂದುಬಿಡಬಹುದು. ಎಫ್‌ಎಂನಲ್ಲಿ ಒಂದು ಸೈನ್ ಅಲೆ ಇನ್ನೊಂದನ್ನು ಬಲು ವೇಗವಾಗಿ ಅಲುಗಾಡಿಸುತ್ತದೆ, ಆ ಅಲುಗಾಟದಲ್ಲೇ ಹೊಸ ಸ್ವರಗಳು ಹುಟ್ಟುತ್ತವೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ದಾರಿ ಇದು, 1973ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಎರಡು ಅಲೆಗಳ ವೇಗದ ಲೆಕ್ಕ 1:1 ಇದ್ದರೆ ತುತ್ತೂರಿಯ ಜಾತಿ, 1:1.4ರ ಹಾಗೆ ಹೊಂದದ ಲೆಕ್ಕ ಇದ್ದರೆ ಗಂಟೆಯ ಜಾತಿ. ಕಂಚು ಹಿತ್ತಾಳೆ ಸದ್ದು ಅಂದರೆ ಎಫ್‌ಎಂಗೆ ನೀರು ಕುಡಿದ ಹಾಗೆ.

ನನಗೆ ಬೇಕಿದ್ದದ್ದು ಜಾಗಟೆ. ನಮ್ಮ ಕಡೆ ಮಾದಪ್ಪನ ಪದ ಇಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಅಲ್ಲಿ ಕಂಸಾಳೆ ಬೇಕು, ಆಮೇಲೆ ದಾಸಯ್ಯನ ಹಾಡು ಬಂದರೆ ಜಾಗಟೆ ಬೇಕು. ಕೀಬೋರ್ಡ್‌ಗಳಲ್ಲಿ ಸಿಗುವ ಗಾಂಗ್ ಸದ್ದು ಕೇಳಿದ್ದೀರಲ್ಲ, ಅದು ಜಾಗಟೆ ಅಲ್ಲವೇ ಅಲ್ಲ. ಜಾಗಟೆಗೆ ಹೊಡೆದ ಕ್ಷಣ ಚುರುಕಾದ ಪೆಟ್ಟು ಕೇಳಿಸುತ್ತದೆ, ಆಮೇಲೆ ಸದ್ದು ಅಲೆ ಅಲೆಯಾಗಿ ಕಂಪಿಸುತ್ತಾ ನಿಧಾನಕ್ಕೆ ಕರಗುತ್ತದೆ. ದೇವಸ್ಥಾನದ ಜಾಗಟೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಹೆಡ್‌ಫೋನ್ ಹಾಕಿಕೊಂಡು, ಮನೆಯವರೆಲ್ಲ ಮಲಗಿದ ಮೇಲೆ ಕೂರುತ್ತಿದ್ದೆ. ಮಾಡ್ಯುಲೇಟರ್‌ನ, ಅಂದರೆ ಅಲುಗಾಡಿಸುವ ಅಲೆಯ, ಲೆವೆಲ್ ಸುಮಾರು 8 ಅಂಕ ಏರಿಸಿದರೆ ಅಲುಗಾಟ ಎರಡರಷ್ಟಾಗುತ್ತದೆ. ಅಂದರೆ 74ರಲ್ಲಿ ಮಂಕು, 82ಕ್ಕೆ ಹೋದರೆ ಕರ್ಕಶ. ಒಂದೊಂದು ಆಪರೇಟರ್‌ಗೂ ನಾಲ್ಕು ರೇಟು, ನಾಲ್ಕು ಲೆವೆಲ್ಲಿನ ಎನ್ವಲಪ್, ಅಂದರೆ ಸದ್ದು ಏರಿ ಇಳಿಯುವ ಬಗೆ. ಒಂದೇ ಸೌಂಡ್‌ನಲ್ಲಿ, ಹೆಸರಿನ 10 ಅಕ್ಷರ ಬಿಟ್ಟರೂ, 145 ಸಂಖ್ಯೆಗಳು! ತಿಂಗಳುಗಟ್ಟಲೆ ಒದ್ದಾಡಿ ಒಂದು ಮಧ್ಯರಾತ್ರಿ ಸಿಕ್ಕಿಬಿಟ್ಟಿತು. ಹೇಗೆ ಸಿಕ್ಕಿತು ಅಂದರೆ ನನಗೇ ಗೊತ್ತಿಲ್ಲ. 17ನೇ ಜಾಗದಲ್ಲಿ ಸೇವ್ ಮಾಡಿ ಮಲಗಿದೆ. ಸಂಖ್ಯೆಗಳನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ.

ಹೋದ ವರ್ಷ ಗಣೇಶನ ಕಾರ್ಯಕ್ರಮಕ್ಕೆ ಎರಡು ದಿನ ಇತ್ತು. ಎಂಬತ್ತರ ದಶಕದ ಒಂದು ಹಾಡಿಗೆ ಡಿಎಕ್ಸ್7ನ ಎಲೆಕ್ಟ್ರಿಕ್ ಪಿಯಾನೋ ಇದ್ದರೆ ಚೆನ್ನ ಅನ್ನಿಸಿತು. ಇಂಟರ್ನೆಟ್‌ನಲ್ಲಿ ಇಂಥ ಸೌಂಡ್‌ಗಳ ಕಟ್ಟುಗಳು, ಅಂದರೆ ಬ್ಯಾಂಕ್‌ಗಳು, ರಾಶಿ ಬಿದ್ದಿವೆ, ಒಂದು ಇಳಿಸಿಕೊಂಡು ಸೆಂಡ್ ಒತ್ತಿದೆ. ನನಗೆ ಬೇಕಿದ್ದದ್ದು ಒಂದೇ ಸೌಂಡ್. ಆ ಫೈಲ್‌ನಲ್ಲಿ ಇದ್ದದ್ದು 32. ಬಲ್ಕ್ ಡಂಪ್ ಅಂದರೆ ಹಾಗೇನೇ, ಬಂದು ಮೆಮೊರಿಯ 32 ಜಾಗದಲ್ಲೂ ಕೂತುಬಿಡುತ್ತದೆ. ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ, ಇಡೀ ಬ್ಯಾಂಕ್ 4,104 ಬೈಟ್, ಬೈಟ್‌ಗೆ ಹತ್ತು ಬಿಟ್‌ನಂತೆ ಲೆಕ್ಕ ಹಾಕಿದರೆ 1.3 ಸೆಕೆಂಡ್. ಹಳೇ ಡಿಎಕ್ಸ್7ನಲ್ಲಿ ಮೆಮೊರಿ ಪ್ರೊಟೆಕ್ಟ್ ಅಂತ ಒಂದು ಕಾವಲು ಇತ್ತು. ನನ್ನದರಲ್ಲಿ "ಅಳಿಸಲಾ?" ಅಂತ ಕೇಳುವವರೂ ಇರಲಿಲ್ಲ.

ಆದರೂ ನಾನು ಗಾಬರಿಯಾಗಲಿಲ್ಲ. ಯುಗಾದಿ ಹೊತ್ತಿಗೇ ಬ್ಯಾಕಪ್ ತೆಗೆದಿದ್ದೆನಲ್ಲ! ಟೀ ಕುಡಿದು ಬಂದು ಆ ಫೈಲ್ ವಾಪಸ್ ಕಳಿಸಿದೆ. ಚೆಕ್‌ಸಮ್ ಎರರ್, ಅಂದರೆ ಬಂದ ಬೈಟ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ. ಮತ್ತೆ ಕಳಿಸಿದೆ. ಅದೇ. ಐದಾರು ಸಲ ಆದ ಮೇಲೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೈಲ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಅಣ್ಣ, 4,104 ಇರಬೇಕಾದ ಕಡೆ 3,687 ಇದೆ. ಮಧ್ಯ ಮಧ್ಯ ಉದುರಿಹೋಗಿದೆ. ಯಾವ ಕೇಬಲ್ ಹಾಕಿದ್ದೆ?"

ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ 400 ರೂಪಾಯಿಗೆ ತಂದಿದ್ದ ಕೇಬಲ್. ಮಧ್ಯದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅದರಲ್ಲಿ ಮಿಣುಕು ದೀಪ. ಬಾರಿಸುವಾಗ ಒಂದು ದಿನವೂ ಕೈಕೊಟ್ಟಿರಲಿಲ್ಲ, ಅದಕ್ಕೇ ನಂಬಿದ್ದೆ. ಕೀ ಒತ್ತಿದರೆ ಹೋಗುವುದು ಮೂರೇ ಬೈಟ್, ಅಷ್ಟನ್ನು ಯಾವ ಕೇಬಲ್ಲೂ ಹೊರುತ್ತದೆ. ಸೌಂಡ್‌ಗಳನ್ನು ಸಾಗಿಸುವ ಸಿಸ್ಟಮ್ ಎಕ್ಸ್‌ಕ್ಲೂಸಿವ್ ಮೆಸೇಜ್, ಅಂದರೆ ಸಿಸೆಕ್ಸ್, ಸಾವಿರಾರು ಬೈಟ್ ಒಂದೇ ಉಸಿರಿಗೆ ಸುರಿಯುತ್ತದೆ. ಇಂಥ ಕೇಬಲ್‌ಗಳ ಹೊಟ್ಟೆ ಚಿಕ್ಕದು, ಹಿಡಿಸದೆ ಇದ್ದದ್ದನ್ನು ಸದ್ದಿಲ್ಲದೆ ಚೆಲ್ಲುತ್ತವೆ. ಎರರ್ ಗಿರರ್ ಏನೂ ತೋರಿಸುವುದಿಲ್ಲ. ಕಂಪ್ಯೂಟರ್‌ನಲ್ಲಿ ಫೈಲ್ ಅಂತೂ ಒಂದು ಬಂದು ಕೂರುತ್ತದೆ, ನಾವು ಸುಮ್ನೆ ಹೆಸರು ಕೊಟ್ಟು ಖುಷಿಯಾಗಿರುತ್ತೇವೆ.

ಹುಡುಗ ಒಳ್ಳೆಯವನು, ಆ ರಾತ್ರಿ ನಿದ್ದೆ ಬಿಟ್ಟು ಕೂತ. ಈ ಬ್ಯಾಂಕ್ ಫೈಲ್‌ನಲ್ಲಿ ಒಂದೊಂದು ಸೌಂಡ್‌ಗೂ ಸರಿಯಾಗಿ 128 ಬೈಟ್, ಕೊನೆಯ 10 ಬೈಟ್ ಅದರ ಹೆಸರು. ಬೈಟ್ ಬೈಟ್ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಹೆಸರುಗಳು ಕಣ್ಣಿಗೇ ಕಾಣುತ್ತವೆ. ಒಂದು ಹೆಸರಿನಿಂದ ಮುಂದಿನ ಹೆಸರಿಗೆ 128 ಇದ್ದರೆ ಆ ಸೌಂಡ್ ಬದುಕಿದೆ, ಕಡಿಮೆ ಇದ್ದರೆ ಸತ್ತಿದೆ. ಹಾಗೆ ಎಣಿಸಿ ಎಣಿಸಿ, ಬದುಕಿದ್ದನ್ನು ಹೊಸ ಫೈಲ್‌ಗೆ ಜೋಡಿಸಿ, ಚೆಕ್‌ಸಮ್ ಸರಿಮಾಡಿ ಕಳಿಸಿದ. 32ರಲ್ಲಿ ಉಳಿದದ್ದು ಒಂಬತ್ತು. ಕಂಸಾಳೆ ಉಳಿದಿತ್ತು. ಜಾಗಟೆ ಅಂತ ಹೆಸರು ಪೂರ್ತಿ ಇತ್ತು, ಅದರ ಹಿಂದಿನ 40 ಬೈಟ್ ಇರಲಿಲ್ಲ. ಹೊಟ್ಟೆ ಉರಿಯುತ್ತದೆ ಅಲ್ವಾ?

ಇದೇ ತಪ್ಪು ನೀವು ಮಾಡಬೇಡಿ. ಬ್ಯಾಂಕ್ ಇಳಿಸಿದ ತಕ್ಷಣ ಸೈಜ್ ನೋಡಿ. ಡಿಎಕ್ಸ್7 ರೂಪದ 32 ಸೌಂಡ್ ಅಂದರೆ 4,104, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಬೇರೆ ರೂಪದ ಸಿಂಥ್ ಆದರೆ ಅಂಕಿ ಬೇರೆ ಇರುತ್ತದೆ. ಆಗ ಎರಡು ಸಲ ಇಳಿಸಿ, ಎರಡು ಫೈಲೂ ಒಂದೇ ಥರ ಇವೆಯಾ ನೋಡಿ. ಸಿಸೆಕ್ಸ್ ಮೆಸೇಜ್ ಎಫ್0 ಅನ್ನುವ ಬೈಟ್‌ನಿಂದ ಶುರುವಾಗಿ ಎಫ್7ರಲ್ಲಿ ಮುಗಿಯಬೇಕು. ಆದರೆ ನನ್ನ ಫೈಲ್‌ನಲ್ಲಿ ಎರಡೂ ಇದ್ದವು, ಹೋಗಿದ್ದು ನಡುವಿನದು, ಹಾಗಾಗಿ ತಲೆ ಬಾಲ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಡೆಕ್ಸೆಡ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಡಿಎಕ್ಸ್7ನ ತದ್ರೂಪು. ಬ್ಯಾಕಪ್ ಅನ್ನು ಅದರಲ್ಲಿ ತೆರೆದು ಒಂದೊಂದೇ ಬಾರಿಸಿ ಕೇಳಿ. ಹೊಸ ಸೌಂಡ್ ಬೇಕಾದಾಗಲೂ ಇಡೀ ಬ್ಯಾಂಕ್ ಕಳಿಸಬೇಡಿ, ಆ ಒಂದನ್ನು ಮಾತ್ರ ಕಳಿಸಿ. ಅದು 163 ಬೈಟ್‌ನ ಮೆಸೇಜ್, ಎಡಿಟ್ ಬಫರ್ ಅನ್ನುವ ತಾತ್ಕಾಲಿಕ ಜಾಗಕ್ಕೆ ಬಂದು ನಿಲ್ಲುತ್ತದೆ. ನೀವಾಗಿ ಸೇವ್ ಒತ್ತುವ ತನಕ ಮೆಮೊರಿ ಮುಟ್ಟುವುದಿಲ್ಲ. ಇದು ಗೊತ್ತಿದ್ದಿದ್ದರೆ ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ಆ ಎರಡು ರಾತ್ರಿ ಜಾಗಟೆ ಮತ್ತೆ ಮಾಡಲು ನೋಡಿದೆ. 1.4 ಇಟ್ಟೆ, 1.41 ಇಟ್ಟೆ, ಡಿಟ್ಯೂನ್ ಆ ಕಡೆ ಈ ಕಡೆ ಎಳೆದೆ, ಫೀಡ್‌ಬ್ಯಾಕ್ ಏರಿಸಿದೆ. ಪ್ರತಿ ಸಲವೂ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಸದ್ದು. ಅಮ್ಮ ಎದ್ದು ಬಂದು "ಏನೋ ಬಿತ್ತು ನೋಡೋ" ಅಂದರು, ಸ್ಪೀಕರ್‌ನಲ್ಲಿ ಕೇಳುತ್ತಿದ್ದೆ.

ಕಾರ್ಯಕ್ರಮದ ದಿನ ನಮ್ಮ ರಿದಂ ಪ್ಯಾಡ್ ಹುಡುಗ ಮಾರಮ್ಮನ ಗುಡಿಯಿಂದ ನಿಜವಾದ ಜಾಗಟೆ ಕೇಳಿ ತಂದು, ಮೈಕ್ ಮುಂದೆ ಹಿಡಿದು ಬಾರಿಸಿದ. ಕಮಿಟಿಯವರೊಬ್ಬರು ಸ್ಟೇಜ್ ಹಿಂದೆ ಬಂದು, "ಸರ್, ಈ ಸಲ ನಿಮ್ಮ ಕೀಬೋರ್ಡ್ ಜಾಗಟೆ ಬೊಂಬಾಟ್" ಅಂದರು. ಥ್ಯಾಂಕ್ಸ್ ಅಂದೆ, ಇನ್ನೇನು ಹೇಳಲಿ?

ಈಗ ಕೇಬಲ್ ಬಿಸಾಕಿ ಸರಿಯಾದ ಮಿಡಿ ಇಂಟರ್‌ಫೇಸ್ ತಗೊಂಡಿದ್ದೇನೆ. ಮೊನ್ನೆ ತೆಗೆದ ಬ್ಯಾಕಪ್ 4,104 ಬೈಟ್, ಮೂರು ಸಲ ನೋಡಿದೆ. 17ನೇ ಜಾಗದಲ್ಲಿ ಮಾತ್ರ ಇನ್ನೂ ಆ ಸ್ಟೀಲ್ ತಟ್ಟೆಯೇ ಇದೆ.