ನೀರು ಚೆಲ್ಲಿದಾಗ ಯಾರು ಎದ್ದರು: ಮೂರು ಮಾಂಟೆಸ್ಸರಿಗಳ ಹೋಲಿಕೆ

ಹನುಮಂತನಗರದ ನಮ್ಮ ಮನೆಯ ಸುತ್ತಮುತ್ತ, ನಡೆದುಹೋಗುವಷ್ಟು ದೂರದಲ್ಲಿ, ಮಾಂಟೆಸ್ಸರಿ ಎಂಬ ಫಲಕ ಹೊತ್ತ ಹನ್ನೊಂದು ಶಿಶುಶಾಲೆಗಳಿವೆ. ಒಂದು ಭಾನುವಾರ ಮಗಳನ್ನು ಎತ್ತಿಕೊಂಡು ಎಣಿಸಿಕೊಂಡು ಬಂದವಳು ನಾನೇ. ಒಂದು ಫಲಕದಲ್ಲಿ ಆ ಹೆಸರಿನ ಕಾಗುಣಿತವೇ ತಪ್ಪಿತ್ತು. ಉಡುಪಿ ಹೋಟೆಲ್ ಎಂದು ಬರೆಸಿಕೊಳ್ಳಲು ಉಡುಪಿಯವರನ್ನು ಯಾರೂ ಕೇಳುವುದಿಲ್ಲವಲ್ಲ, ಹಾಗೆಯೇ ಇದು. ಮಾಂಟೆಸ್ಸರಿ ಎಂಬ ಹೆಸರು ಯಾರ ಸ್ವತ್ತೂ ಅಲ್ಲ. ನಾಳೆ ನಾನೇ ನಮ್ಮ ಗ್ಯಾರೇಜಿಗೆ ಬಣ್ಣ ಬಳಿದು ಆ ಫಲಕ ತೂಗುಹಾಕಿದರೂ ಕೇಳುವವರಿಲ್ಲ.

ಹನ್ನೊಂದರಲ್ಲಿ ಎಂಟನ್ನು ಹೊರಗಿನಿಂದಲೇ ಬಿಟ್ಟೆವು. ಉಳಿದ ಮೂರರಲ್ಲಿ ಮಗಳು ನಿಜವಾಗಿ ಕುಳಿತು ಬಂದಿದ್ದಾಳೆ: ಗಾಜಿನ ಕಟ್ಟಡದಲ್ಲಿ ನಾಲ್ಕು ತಿಂಗಳು, ನಡುವೆ ಅಂಗನವಾಡಿಯಲ್ಲಿ ಮೂರು ವಾರ, ಈಗ ಹದಿನಾಲ್ಕು ತಿಂಗಳಿಂದ ಹೆಂಚಿನ ಮನೆಯಲ್ಲಿ. ಹೆಸರುಗಳನ್ನು ಹೇಳುವುದಿಲ್ಲ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಇಂಥ ಮೂರು ನಿಮಗೆ ಸಿಕ್ಕೇ ಸಿಗುತ್ತವೆ.

ಗಾಜಿನ ಕಟ್ಟಡಕ್ಕೆ ಮೊದಲು ಮರುಳಾದದ್ದು ನಾವೇ. ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರ, ವ್ಯಾನಿಗೆ ಬೇರೆ. ಗೋಡೆಯ ಮೇಲೆ ಈ ಪದ್ಧತಿಯನ್ನು ರೂಪಿಸಿದ ಮರಿಯಾ ಮಾಂಟೆಸ್ಸರಿಯ ದೊಡ್ಡ ಚಿತ್ರ, ಮೂಲೆ ಮೂಲೆಯಲ್ಲಿ ಕ್ಯಾಮೆರಾ, ಮಧ್ಯಾಹ್ನದೊಳಗೆ ಮೊಬೈಲಿಗೆ ಆರು ಫೋಟೊ. ಸಂಜೆ ಆರರವರೆಗೂ ಮಗುವನ್ನು ಇಟ್ಟುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಈ ಕೊನೆಯ ಮಾತೊಂದೇ ಸಾಕಾಗಿತ್ತು.

ಮೂರನೆಯ ತಿಂಗಳು ಒಂದು ದಿನ ಬೇಗ ಕರೆತರಲು ಹೋದವಳು ಬಾಗಿಲ ಬಳಿ ನಿಂತು ನೋಡಿದೆ. ಮಗಳು ಪುಟ್ಟ ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುತ್ತಿದ್ದಳು. ಲೋಟ ತುಂಬಿತು, ಅವಳು ನಿಲ್ಲಿಸಲಿಲ್ಲ, ನೀರು ಟ್ರೇ ದಾಟಿ ನೆಲಕ್ಕಿಳಿಯಿತು. ಆಂಟಿ, ಅಂದರೆ ಶಿಕ್ಷಕಿ, ಓಡಿ ಬಂದು ಜಗ್ಗು ಕಸಿದುಕೊಂಡು, ಆಯಾಳನ್ನು ಕೂಗಿ, ಮಗಳ ಕೈಗೆ ಒಂದು ಪ್ಲಾಸ್ಟಿಕ್ ಬಾತುಕೋಳಿ ಕೊಟ್ಟರು. ಗದರಲಿಲ್ಲ, ನಗುತ್ತಲೇ ಇದ್ದರು. ಅಷ್ಟರಲ್ಲಿ ಗಂಟೆ ಬಾರಿಸಿತು, ನೃತ್ಯದ ತರಗತಿ. ಅರ್ಧ ಗಂಟೆಗೊಮ್ಮೆ ಅಲ್ಲಿ ಗಂಟೆ ಬಾರಿಸುತ್ತದೆ: ಸಂಗೀತ, ರೈಮ್ಸ್, ರೋಬೋಟ್, ಯೋಗ. ಮಾಂಟೆಸ್ಸರಿ ಕೇಳಿದ್ದು ಮಗುವಿಗೆ ಯಾರೂ ಅಡ್ಡ ಬಾರದ ಮೂರು ಗಂಟೆ. ಇಲ್ಲಿ ಮೂರು ಗಂಟೆಯಲ್ಲಿ ಆರು ಬಾರಿ ಎಬ್ಬಿಸುತ್ತಿದ್ದರು.

ಗುಲಾಬಿ ಗೋಪುರ ನಿಮಗೆ ಗೊತ್ತಿರಬಹುದು. ಮರದ ಹತ್ತು ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ, ಎಲ್ಲವೂ ಒಂದೇ ಬಣ್ಣ. ಬದಲಾಗುವುದು ಗಾತ್ರ ಮಾತ್ರ. ಮಗುವಿನ ಕಣ್ಣು ಬೇರೆ ಯಾವುದಕ್ಕೂ ಹೋಗದಿರಲೆಂದು. ಗಾಜಿನ ಕಟ್ಟಡದಲ್ಲಿ ಇಂಥ ನಾಲ್ಕು ಗೋಪುರಗಳಿದ್ದವು. ಎಷ್ಟು ಸಮೃದ್ಧಿ ಎಂದು ಹಿಗ್ಗಿದ್ದೆ. ಮಾಂಟೆಸ್ಸರಿ ಕೋಣೆಯೊಂದರಲ್ಲಿ ಪ್ರತಿ ಸಾಮಗ್ರಿಯೂ ಒಂದೇ ಇರಬೇಕು, ಬೇರೆಯವರು ಮುಗಿಸುವವರೆಗೆ ಕಾಯುವುದೂ ಪಾಠವೇ ಎಂದು ತಿಳಿದದ್ದು ಆಮೇಲೆ. ಆ ನಾಲ್ಕರಲ್ಲಿ ಎರಡಕ್ಕೆ ತುದಿಯ ಪುಟ್ಟ ಘನವೇ ಇರಲಿಲ್ಲ. ಕೇಳಿದಾಗ, ಎಲ್ಲೋ ಇರಬೇಕು ಮೇಡಂ ಎಂದರು. ಮಾಂಟೆಸ್ಸರಿಯಲ್ಲಿ ಬೇರೆ ಬೇರೆ ವಯಸ್ಸಿನವರು ಒಟ್ಟಿಗೇ ಇರಬೇಕು, ಇಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದರು. ಮೂರು ತುಂಬುವ ಮೊದಲೇ ಮಗಳ ಚೀಲದಲ್ಲಿ ಚುಕ್ಕಿ ಸೇರಿಸುವ ಹಾಳೆಗಳು ಬರತೊಡಗಿದ್ದವು. ಶುಲ್ಕದ ಎರಡನೆಯ ಕಂತು ಕಟ್ಟುವ ಮೊದಲು ಬಿಡಿಸಿದೆವು. ಕಟ್ಟಿದ್ದು ವಾಪಸು ಬರಲಿಲ್ಲ. ಅದು ಬೇರೆ ಕಥೆ.

ಹೆಂಚಿನ ಮನೆಯಲ್ಲಿ ಜಾಗ ತೆರವಾಗಲು ಇನ್ನೂ ಮೂರು ವಾರ ಇತ್ತು. ಆ ಮೂರು ವಾರ ಅತ್ತೆಯ ಸಲಹೆಯಂತೆ ಮಗಳು ಪಕ್ಕದ ಬೀದಿಯ ಅಂಗನವಾಡಿಗೆ ಹೋದಳು. ಇದನ್ನು ಹೋಲಿಕೆಗೆ ತೆಗೆದುಕೊಳ್ಳುತ್ತಿರುವುದಕ್ಕೆ ಕೆಲವರು ನಗಬಹುದು. ಆದರೆ 2024ರಿಂದ ಕೆಲವು ಅಂಗನವಾಡಿಗಳ ಮೇಲೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಫಲಕವೇ ಬಂದಿದೆ, ನಮ್ಮ ಬೀದಿಯದೂ ಅಂಥದ್ದೇ. ಅದಕ್ಕಿಂತ ಹೆಚ್ಚಾಗಿ, 1907ರ ಜನವರಿ 6ರಂದು ರೋಮ್ ನಗರದಲ್ಲಿ ತೆರೆದ ಮೊದಲ ‘ಮಕ್ಕಳ ಮನೆ’, ಅಂದರೆ ಮೊದಲ ಮಾಂಟೆಸ್ಸರಿ ಶಾಲೆ, ಇದ್ದದ್ದು ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಹಗಲು ಅಪ್ಪ ಅಮ್ಮ ಕೂಲಿಗೆ ಹೋದಾಗ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಮಕ್ಕಳಿಗಾಗಿ ಅದು ಶುರುವಾಯಿತು. ಈ ಲೆಕ್ಕದಲ್ಲಿ ನಾನು ನೋಡಿದ ಮೂರರಲ್ಲಿ ಮೂಲಕ್ಕೆ ಹತ್ತಿರವಾದದ್ದು ಗಾಜಿನ ಕಟ್ಟಡವಲ್ಲ.

ಅಂಗನವಾಡಿಯಲ್ಲಿ ಮೂರರಿಂದ ಆರರ ಮಕ್ಕಳು ಒಟ್ಟಿಗೇ ಇದ್ದರು, ಯಾವ ತತ್ತ್ವಕ್ಕಾಗಿಯೂ ಅಲ್ಲ, ಇದ್ದದ್ದು ಒಂದೇ ಕೋಣೆಯಾದ್ದರಿಂದ. ದೊಡ್ಡ ಹುಡುಗಿಯೊಬ್ಬಳು ನನ್ನವಳ ಚಪ್ಪಲಿಯ ಪಟ್ಟಿ ಹಾಕಲು ಕಲಿಸಿದಳು. ಊಟವಾದ ಮೇಲೆ ತಟ್ಟೆ ತೊಳೆದಿಡುವುದು ಎರಡನೆಯ ದಿನಕ್ಕೇ ರೂಢಿಯಾಯಿತು. ಮಾತೆಲ್ಲ ಕನ್ನಡ. ಹಾಲು, ಮೊಟ್ಟೆ, ಬಿಸಿ ಊಟ. ಒಂದು ಪೈಸೆ ಖರ್ಚಿಲ್ಲ. ಆದರೆ ಕಲಿಕೆಯ ಸಾಮಗ್ರಿಗಳು ಕಬ್ಬಿಣದ ಬೀರುವಿನಲ್ಲಿದ್ದವು, ಬೀಗ ಹಾಕಿ. ಕಾರ್ಯಕರ್ತೆಯನ್ನು ಕೇಳಿದೆ. ‘ಒಂದು ಮಣಿ ಕಳೆದರೂ ರಿಜಿಸ್ಟರಿನಲ್ಲಿ ನಾನು ಉತ್ತರ ಬರೆಯಬೇಕು’ ಎಂದರು. ಅವರ ಮೇಜಿನ ಮೇಲೆ ಅಂಥ ರಿಜಿಸ್ಟರುಗಳ ಒಂದು ರಾಶಿಯೇ ಇತ್ತು. ಮಕ್ಕಳ ತೂಕ, ಬಾಣಂತಿಯರ ಲೆಕ್ಕ, ಲಸಿಕೆ, ಮನೆ ಸಮೀಕ್ಷೆ. ಆಕೆಗೆ ಮಕ್ಕಳ ಮೇಲೆ ಅಕ್ಕರೆ ಇತ್ತು, ಸಮಯ ಇರಲಿಲ್ಲ. ಬೀಗದ ಕೈ ಕೊಟ್ಟು ಭಯ ತೆಗೆದರೆ ಆ ಕೋಣೆ ನಗರದ ಯಾವ ನರ್ಸರಿಗೂ ಸಾಟಿಯಾಗುತ್ತದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಳೆ ಬಂದ ದಿನ ಕೋಣೆಯ ಒಂದು ಮೂಲೆ ಸೋರುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು.

ಇನ್ನು ಹೆಂಚಿನ ಮನೆ. ಹಳೆಯ ಕಾಲದ ಮನೆಯ ಪಡಸಾಲೆಯನ್ನೇ ತರಗತಿ ಮಾಡಿಕೊಂಡಿದ್ದಾರೆ. ಎರಡೂವರೆಯಿಂದ ಆರು ವರ್ಷದವರೆಗಿನ ಇಪ್ಪತ್ತಾರು ಮಕ್ಕಳು, ಇಬ್ಬರು ಆಂಟಿಯರು. ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಸೇರಿಸುವ ಮೊದಲು ಒಂದು ಬೆಳಿಗ್ಗೆ ಕುರ್ಚಿ ಹಾಕಿ ಮೂಲೆಯಲ್ಲಿ ಕೂರಿಸಿದರು. ಮಾತಾಡಬಾರದು, ಮಕ್ಕಳನ್ನು ನೋಡಿ ನಗಲೂಬಾರದು ಎಂಬ ಷರತ್ತು. ನನ್ನ ಎದುರಿಗೇ ಒಬ್ಬ ಹುಡುಗ ನೀರು ಚೆಲ್ಲಿದ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಮೂರು ಹೆಜ್ಜೆ ದೂರದಲ್ಲಿದ್ದ ಆಂಟಿ ಏಳಲಿಲ್ಲ, ಕೈ ಮಡಿಲಲ್ಲೇ ಇತ್ತು. ಹುಡುಗ ನೀರನ್ನು ಸ್ವಲ್ಪ ಹೊತ್ತು ನೋಡಿದ, ಬೆರಳಾಡಿಸಿದ, ಹೋಗಿ ಸ್ಪಂಜು ತಂದ, ಒತ್ತಿ ಬಕೆಟ್ಟಿಗೆ ಹಿಂಡಿದ. ಮತ್ತೆ ಒತ್ತಿದ, ಮತ್ತೆ ಹಿಂಡಿದ. ನೆಲ ಒಣಗಿದ ಮೇಲೂ ನಾಲ್ಕು ಸಲ ಹಿಂಡಿದ, ಹಿಂಡುವುದೇ ಖುಷಿಯಾಗಿತ್ತೇನೋ. ಎಂಟು ನಿಮಿಷ. ನಾನು ಗಡಿಯಾರ ನೋಡಿಕೊಂಡಿದ್ದೆ. ಮನೆಗೆ ಬಂದು ಗಂಡನಿಗೆ ಹೇಳಿದೆ, ಇದೇ ಎಂದು.

ಹಿರಿಯ ಆಂಟಿಯನ್ನು ಎಲ್ಲಿ ತರಬೇತಿ ಪಡೆದಿರಿ ಎಂದು ಕೇಳಿದಾಗ ಅವರು ಸರ್ಟಿಫಿಕೇಟ್ ತೋರಿಸಲಿಲ್ಲ, ಆಲ್ಬಮ್ ತಂದರು. ತರಬೇತಿಯಲ್ಲಿ ಪ್ರತಿ ಸಾಮಗ್ರಿಯನ್ನೂ ಮಗುವಿನ ಮುಂದೆ ಹೇಗೆ ಇಡಬೇಕು, ಯಾವ ಬೆರಳಿನಿಂದ ಹಿಡಿಯಬೇಕು ಎಂದು ಚಿತ್ರ ಸಹಿತ ತಾವೇ ಬರೆದುಕೊಂಡ ದಪ್ಪ ಪುಸ್ತಕಗಳವು. 1939ರಲ್ಲಿ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ಕೊಟ್ಟದ್ದು, ಯುದ್ಧದ ಕಾರಣ ವರ್ಷಗಟ್ಟಲೆ ಇಲ್ಲಿಯೇ ಉಳಿದದ್ದು, ಕೊಡೈಕೆನಾಲಿನಲ್ಲಿದ್ದದ್ದು, ಇವೆಲ್ಲವನ್ನೂ ಆಕೆ ಮನೆಯ ಹಿರಿಯರ ಕಥೆಯಂತೆ ಹೇಳಿದರು. ಗಾಜಿನ ಕಟ್ಟಡದಲ್ಲಿ ಆಲ್ಬಮ್ ಎಂದರೆ ಮೊಬೈಲಿನ ಫೋಟೊ ಎಂದುಕೊಂಡಿದ್ದರು. ನೀವು ಎಲ್ಲಿಗೆ ಹೋದರೂ ಈ ಒಂದು ಪ್ರಶ್ನೆ ಕೇಳಿ.

ಹಾಗೆಂದು ಹೆಂಚಿನ ಮನೆ ಸ್ವರ್ಗವಲ್ಲ. ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ, ವ್ಯಾನಿಲ್ಲ. ಮಾವನವರ ಮೊಣಕಾಲು ಗಟ್ಟಿಯಾಗಿರುವುದರಿಂದ ನಮಗೆ ನಡೆಯುತ್ತಿದೆ. ಅಜ್ಜ ಅಜ್ಜಿ ಇಲ್ಲದ ದಂಪತಿಗೆ ಈ ಆಯ್ಕೆ ಇಲ್ಲವೇ ಇಲ್ಲ, ಅವರು ಗಾಜಿನ ಕಟ್ಟಡಕ್ಕೆ ಹೋದರೆ ನಾನು ಬೆರಳು ತೋರಿಸುವುದಿಲ್ಲ. ಮಗು ಏನು ಕಲಿಯಿತು ಎಂದು ಕೇಳಿದರೆ ‘ಕೆಲಸ ಮಾಡುತ್ತಿದ್ದಾಳೆ’ ಎಂಬ ಒಂದೇ ಉತ್ತರ, ಸ್ವಲ್ಪ ಗತ್ತಿನಿಂದಲೇ. ಮೊದಲ ತಿಂಗಳಿಡೀ ಮಗಳು ಕರವಸ್ತ್ರ ಮಡಿಸುವುದನ್ನು, ಅವರೆ ಮತ್ತು ಹುರುಳಿ ಬೇರೆ ಮಾಡುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ತಿಂಗಳಿಗೆ ಆರು ಸಾವಿರ ಕೊಟ್ಟು ಕಾಳು ಆರಿಸಲು ಕಳಿಸುತ್ತೀರಾ, ನನ್ನ ಹತ್ತಿರ ಬಿಟ್ಟರೆ ಮೊರವೂ ಕೊಟ್ಟು ಪುಕ್ಕಟೆ ಕಲಿಸುತ್ತಿದ್ದೆ ಎಂದರು ಅತ್ತೆ. ಅವರ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ನನ್ನ ದೊಡ್ಡ ತಕರಾರು ಬೇರೆ. ಉಪ್ಪುಕಾಗದದ ಅಕ್ಷರಗಳು, ಅಂದರೆ ಮಗು ಎರಡು ಬೆರಳಿನಿಂದ ಸವರಿ ಆಕಾರ ತಿಳಿಯುವ ಹಲಗೆಗಳು, ಇಂಗ್ಲಿಷಿನವು ಕೈಗೆಟುಕುವಂತಿದ್ದವು. ಕನ್ನಡದವು ಮೇಲಿನ ಸಾಲಿನಲ್ಲಿ ಧೂಳು ತಿನ್ನುತ್ತಿದ್ದವು. ಕೇಳಿದರೆ, ತಂದೆ ತಾಯಂದಿರು ಇಂಗ್ಲಿಷನ್ನೇ ಬಯಸುತ್ತಾರೆ ಎಂದರು. ನಾನೂ ತಾಯಿಯೇ, ನಾನು ಬಯಸುವುದಿಲ್ಲ ಎಂದೆ. ನಾಲ್ಕು ಸಲ ಹೇಳಿದ ಮೇಲೆ ಕೆಳಗಿಳಿಸಿದರು. ಅಷ್ಟರೊಳಗೆ ಗಂಡ ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ ತಂದು ರಟ್ಟಿಗೆ ಅಂಟಿಸಿ ಮನೆಯಲ್ಲಿ ಹನ್ನೆರಡು ಅಕ್ಷರ ಮಾಡಿದ್ದರು. ಬಳುಕಿನ ಅಕ್ಷರ ಕತ್ತರಿಸುವುದು ಸುಲಭವಲ್ಲ. ‘ಳ’ ಮುಗಿಯುವಷ್ಟರಲ್ಲಿ ಎರಡು ಬ್ಲೇಡು ಸವೆದವು. ಮಗಳಿಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ ‘ಳ’.

ಅಲ್ಲಿಯೂ ಒಮ್ಮೆ ಗುಲಾಬಿ ಗೋಪುರದ ಪುಟ್ಟ ಘನ ಕಳೆದಿತ್ತು. ಶಾಲೆಯೆಲ್ಲ ಎರಡು ದಿನ ಹುಡುಕಿತು, ಮಕ್ಕಳೂ ಚಾಪೆ ಎತ್ತಿ ನೋಡಿದರು. ಕೊನೆಗೆ ಸಿಕ್ಕಿದ್ದು ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದಲ್ಲಿ, ಮಗಳ ಜೇಬಿನಿಂದ ಬಿದ್ದು. ಅದನ್ನು ಅವಳೇ ಕೊಂಡೊಯ್ದು ತುದಿಗೆ ಇಟ್ಟು ಬಂದಳಂತೆ. ಯಾರೂ ಏನೂ ಅನ್ನಲಿಲ್ಲವಂತೆ.

ಈಗ ನಮ್ಮ ಅಡುಗೆಮನೆಯಲ್ಲಿ ರಾಗಿಯ ಡಬ್ಬಿ ಕೆಳಗಿನ ಕಪಾಟಿನಲ್ಲಿದೆ. ಕಳೆದ ಮಂಗಳವಾರ ಅರ್ಧ ಸೇರು ಚೆಲ್ಲಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಬಳಿದು ತುಂಬಿ ಮುಗಿಸಲು ನಲವತ್ತು ನಿಮಿಷ ಹಿಡಿಯಿತು, ನನ್ನ ಒಂಬತ್ತು ಗಂಟೆಯ ಬಸ್ ತಪ್ಪಿತು.