ನಾಯಿ ಗಿಡ ತಿನ್ನದ ಹಾಗೆ ಹೊಡೆಯುವ ಕಹಿ ಸ್ಪ್ರೇ: ಮಂಗಳೂರಿನ ಮಳೆಗಾಲದಲ್ಲಿ ಬಳಸಿ ನೋಡಿದ್ದು

ಸೋಫಾದ ಕಾಲಿಗೆ ಐದರಲ್ಲಿ ನಾಲ್ಕು, ಮನಿ ಪ್ಲಾಂಟಿಗೆ ಐದರಲ್ಲಿ ಎರಡು. ಒಂದೇ ಬಾಟಲಿಗೆ ಎರಡೆರಡು ಮಾರ್ಕು ಯಾಕೆ ಅಂತ ಹೇಳುತ್ತೇನೆ.

ನಮ್ಮದು ಬಿಜೈಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಬೊಳ್ಳು ಐದು ತಿಂಗಳ ಮರಿ, ರಸ್ತೆ ಬದಿಯಿಂದ ಎತ್ತಿಕೊಂಡು ಬಂದದ್ದು. ಹಲ್ಲು ಬರುವ ಸಮಯ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ಜೂನ್ ಕೊನೆಗೆ ಒಂದು ಸಂಜೆ ಟಿವಿ ಸ್ಟ್ಯಾಂಡಿನಿಂದ ಕೆಳಗೆ ಇಳಿದಿದ್ದ ಮನಿ ಪ್ಲಾಂಟಿನ ಎಲೆ ಅಗಿದುಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ದಾರದ ಹಾಗೆ ಇಳಿಯಲು ಶುರು, ಮುಂಗಾಲಿನಿಂದ ಬಾಯಿ ಉಜ್ಜುವುದು, ಮೂತಿಯನ್ನು ಕಾಲೊರಸಿಗೆ ತಿಕ್ಕುವುದು. ನನಗೆ ಕೈಕಾಲೇ ಆಡಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು ನೋಡಿದವರೇ, "ಅದು ಕೆಸುವಿನ ಜಾತಿಯದ್ದಲ್ವಾ ಮಾರಾಯ್ತಿ, ತುರಿಸದೆ ಇರ್ತದಾ?" ಅಂದರು.

ಅಮ್ಮ ಹೇಳಿದ್ದು ಸರಿಯೇ. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ, ಪೀಸ್ ಲಿಲಿ ಎಲ್ಲವೂ ಕೆಸು, ಸುವರ್ಣಗೆಡ್ಡೆಯ ಕುಟುಂಬದವು. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಅಗಿದ ಕೂಡಲೇ ನಾಲಿಗೆಗೂ ಒಸಡಿಗೂ ಚುಚ್ಚುತ್ತವೆ. ಪತ್ರೊಡೆ ಸರಿಯಾಗಿ ಬೇಯದಿದ್ದರೆ ನಮ್ಮ ಗಂಟಲಿಗೆ ಆಗುತ್ತಲ್ಲ, ಅದೇ ತುರಿಕೆ. ಪತ್ರೊಡೆಗೆ ಹುಳಿ ಹಾಕುವುದೂ ಇದಕ್ಕೇ ಅಂತ ಅಮ್ಮ ಹುಣಸೆ ನೀರು ಕುಡಿಸಲು ಹೊರಟೇಬಿಟ್ಟಿದ್ದರು. ಪುಣ್ಯಕ್ಕೆ ಅಷ್ಟರಲ್ಲಿ ನಾಯಿ ಡಾಕ್ಟರು ಫೋನಿನಲ್ಲಿ ಸಿಕ್ಕಿದರು. ಹುಣಸೆ ಬೇಡವೇ ಬೇಡ, ಅದನ್ನು ತಿಂದು ಕಿಡ್ನಿ ಕೆಟ್ಟ ನಾಯಿಗಳುಂಟು ಅಂದರು. ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ, ನೀರು ಕೊಡಿ, ಒಂದು ಚಮಚ ಮೊಸರು ನೆಕ್ಕಿಸಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಗಂಟಲು ಊದಿ ಉಸಿರಾಡಲು ಕಷ್ಟವಾದರೆ ಮಾತ್ರ ಒಂದು ನಿಮಿಷವೂ ಕಾಯದೆ ಕರೆದುಕೊಂಡು ಬನ್ನಿ. ಇಷ್ಟೇ. ರಾತ್ರಿ ನಾವು ಊಟಕ್ಕೆ ಕೂತಾಗ ಬೊಳ್ಳು ಬಂಗುಡೆ ವಾಸನೆಗೆ ಮೇಜಿನ ಕೆಳಗೆ ಹಾಜರು.

ಹೆದರಿದವರು ಏನಾದರೊಂದು ಖರೀದಿ ಮಾಡುತ್ತಾರೆ ಅಲ್ವಾ, ನಾನೂ ಅದೇ ರಾತ್ರಿ 399 ರೂಪಾಯಿ ಕೊಟ್ಟು ಈ ಸ್ಪ್ರೇ ತರಿಸಿದೆ. ಕಂಪೆನಿ ಹೆಸರು ಹಾಕುತ್ತಿಲ್ಲ. ಬಾಟಲಿ ಹಿಂದೆ ಡೆನಟೋನಿಯಂ ಬೆಂಜೋಯೇಟ್ ಅಂತ ಇದೆ, ಸ್ಪಿರಿಟನ್ನು ಯಾರೂ ಕುಡಿಯದಿರಲಿ ಅಂತ ಬೆರೆಸುವ ಕಹಿ ವಸ್ತು, 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿಕ್ಕಿದ್ದು. ಕಹಿ ಅಂದರೆ ಎಂಥ ಕಹಿ, ಆಟಿ ಅಮಾವಾಸ್ಯೆಯ ಪಾಲೆ ಕಷಾಯ ಇದರ ಮುಂದೆ ಪಾನಕ! ರಾತ್ರಿ ಗಿಡಕ್ಕೆ ಹೊಡೆದು ಸೋಪು ಹಾಕಿಯೇ ಕೈ ತೊಳೆದಿದ್ದೆ. ಬೆಳಿಗ್ಗೆ ನೀರ್ ದೋಸೆ ಮುರಿದು ಬಾಯಿಗಿಟ್ಟರೆ ಕಹಿ, ಕಾಯಿ ಬೆಲ್ಲ ಕಹಿ, ಕಾಫಿ ಲೋಟದ ಅಂಚೂ ಕಹಿ. ಗ್ಲೌಸ್ ಹಾಕಿ ಅಂತ ಬಾಟಲಿಯಲ್ಲಿ ಎಲ್ಲೂ ಬರೆದಿಲ್ಲ.

ಮೊದಲ ವಾರ ಕೆಲಸ ಮಾಡಿತು. ಬೊಳ್ಳು ಒಂದು ಸಲ ನೆಕ್ಕಿ, ಸೀನಿ, ತಲೆ ಕೊಡವಿ, ನನ್ನ ಮುಖ ನೋಡಿ ಹೋದ. ಆಮೇಲೆ ಗೊತ್ತಾಯಿತು ನೋಡಿ, ಮಳೆಗಾಲದಲ್ಲಿ ಮನಿ ಪ್ಲಾಂಟ್ ಸುಮ್ನೆ ಕೂರುವುದಿಲ್ಲ. ಬಳ್ಳಿಯ ತುದಿಯಲ್ಲಿ ಹೊಸ ಎಲೆ ಸುರುಳಿ ಬಿಚ್ಚುತ್ತದೆ, ತಿಳಿ ಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಅದಕ್ಕೆ ಸ್ಪ್ರೇ ತಾಗಿಯೇ ಇಲ್ಲ. ಇವನು ಹಳೆಯ ಎಲೆಗಳನ್ನೆಲ್ಲ ಮೂಸಿ ಬಿಟ್ಟು ಸರಿಯಾಗಿ ಅದಕ್ಕೇ ಬಾಯಿ ಹಾಕಿದ. ಮತ್ತೆ ಜೊಲ್ಲು, ಮತ್ತೆ ಮೊಸರು. ಬಾಲ್ಕನಿಯಲ್ಲಿ ಇನ್ನೂ ಕಷ್ಟ, ಗಾಳಿ ಮಳೆ ಒಮ್ಮೆ ಒಳಗೆ ಎರಚಿತು ಅಂದರೆ ಹೊಡೆದದ್ದೆಲ್ಲ ತೊಳೆದು ಹೋಗುತ್ತದೆ. ಹಾಗಂತ ದಿನಾ ಹೊಡೆದದ್ದಕ್ಕೆ ಎಲೆಯ ಅಂಚು ಕಂದಾಗಿ ಸುಟ್ಟ ಹಾಗಾಯಿತು. ತೆಗೆದುಕೊಳ್ಳುವವರು ಮೊದಲು ಒಂದು ಎಲೆಗೆ ಹೊಡೆದು ಎರಡು ದಿನ ನೋಡಿ.

ಇದನ್ನು ನಂಬಿ ಸೈಕಸ್ ಗಿಡವನ್ನಂತೂ ನಾಯಿ ಇರುವ ಕಡೆ ಇಡಬೇಡಿ. ಅದು ತುರಿಕೆಯ ಲೆಕ್ಕ ಅಲ್ಲ, ಲಿವರಿಗೇ ಹೊಡೆತ, ನಾಯಿ ಸಾಯಬಹುದು. ಕಣಗಿಲೆ ಹೃದಯಕ್ಕೆ ಕೆಟ್ಟದ್ದು. ಲೋಳೆಸರ, ಸ್ನೇಕ್ ಪ್ಲಾಂಟ್ ತಿಂದರೆ ಹೆಚ್ಚಾಗಿ ವಾಂತಿ ಭೇದಿಯಲ್ಲಿ ಮುಗಿಯುತ್ತದೆ, ಅವೆರಡನ್ನೂ ಕಪಾಟಿನ ಮೇಲೆ ಹತ್ತಿಸಿದ್ದೇನೆ. ನೆಲದ ಮೇಲೆ ಈಗ ಸ್ಪೈಡರ್ ಪ್ಲಾಂಟ್ ಮತ್ತು ಅರೆಕಾ ಪಾಮ್, ಇವೆರಡೂ ನಾಯಿಗೆ ವಿಷವಲ್ಲ. ಅರೆಕಾ ಅಂದಕೂಡಲೇ ತೋಟದ ಅಡಿಕೆ ಅಂದುಕೊಳ್ಳಬೇಡಿ, ಇದು ಬೇರೆ ಗಿಡ. ಅಡಿಕೆ ನಾಯಿಗೆ ಒಳ್ಳೆಯದಲ್ಲ.

ಕೊನೆಗೆ ಮನಿ ಪ್ಲಾಂಟಿನ ಸಮಸ್ಯೆ ಬಗೆಹರಿಸಿದ್ದು ಹಾರ್ಡ್‌ವೇರ್ ಅಂಗಡಿಯ 60 ರೂಪಾಯಿಯ ಕೊಕ್ಕೆ. ಸೀಲಿಂಗಿಗೆ ಹಾಕಿ ತೂಗುಬಿಟ್ಟೆ, ಭಾನುವಾರ ಕತ್ತರಿ ಹಿಡಿದು ಇಳಿದ ಬಳ್ಳಿ ಕತ್ತರಿಸುತ್ತೇನೆ, ಬಿದ್ದ ಎಲೆಯನ್ನು ಅಲ್ಲೇ ಹೆಕ್ಕುತ್ತೇನೆ. ಸ್ಪ್ರೇ ಬಾಟಲಿಯಲ್ಲಿ ಇನ್ನೂ ಅರ್ಧ ಉಂಟು. ಸೋಫಾದ ಕಾಲಿಗೆ ಮೂರು ದಿನಕ್ಕೊಮ್ಮೆ ಹೊಡೆದರೆ ಸಾಕು, ಬೊಳ್ಳು ಹತ್ತಿರ ಹೋಗುವುದಿಲ್ಲ. ಅಮ್ಮನ ಚಪ್ಪಲಿಗೆ ಹೊಡೆಯಲು ಅಮ್ಮ ಬಿಡುತ್ತಿಲ್ಲ.