ನಿಶ್ಚಿತಾರ್ಥದ ವಜ್ರದುಂಗುರ: ಕಾಸರಗೋಡಿನ ಪೇಟೆ, ಮಂಗಳೂರಿನ ಶೋರೂಮು, ಕೈಯಲ್ಲಿರುವ ಮೊಬೈಲು

ಪವನಿಗೆ ಇವತ್ತು ಎಷ್ಟಾಯಿತು ಎಂದು ವಿಚಾರಿಸದ ಮನೆ ಕಾಸರಗೋಡಿನಲ್ಲಿ ಸಿಗಲಿಕ್ಕಿಲ್ಲ. ಎಂಟು ಗ್ರಾಂ ಚಿನ್ನದ ಲೆಕ್ಕವನ್ನು ಮಜೂರಿ, ವೇಸ್ಟೇಜ್ ಸಮೇತ ಬಾಯಲ್ಲೇ ಮಾಡಿ ಮುಗಿಸುವವರು ಇಲ್ಲಿದ್ದಾರೆ. ಅದೇ ಜನ ವಜ್ರದ ಕೌಂಟರಿಗೆ ಬಂದ ಕೂಡಲೇ ಮೆತ್ತಗಾಗುತ್ತಾರೆ. ಸೇಲ್ಸಿನ ಹುಡುಗ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ ಮೊತ್ತವನ್ನು ಒಪ್ಪಿಕೊಂಡು, ಮಜೂರಿಯಲ್ಲಿ ಐನೂರು ಇಳಿಸುವುದಕ್ಕೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ದುಡ್ಡು ಹೋಗುವುದು ಮಾತ್ರ ಬೇರೆ ಸಾಲಿನಲ್ಲಿ, ವಜ್ರದ ಕ್ಯಾರೆಟ್ ದರದಲ್ಲಿ.

ತೀರ್ಪು ಮೊದಲೇ ಹೇಳುವುದಾದರೆ: ಮಧ್ಯದ ಹರಳು 30 ಸೆಂಟಿಗಿಂತ ದೊಡ್ಡದಾದರೆ ಬೆಲೆಯನ್ನು ಆನ್‌ಲೈನ್‌ನಲ್ಲಿ ನೋಡಿಕೊಳ್ಳದೆ ಅಂಗಡಿ ಹತ್ತಬೇಡಿ. ಅದಕ್ಕಿಂತ ಸಣ್ಣ ಹರಳುಗಳ ಉಂಗುರಕ್ಕೆ ಊರಿನ ಅಂಗಡಿಯೇ ಅನುಕೂಲ, ಏಕೆಂದರೆ ಅಲ್ಲಿ ಉಳಿಯುವ ಹಣಕ್ಕಿಂತ ಮುಂದಿನ ರಿಪೇರಿ, ಸೈಜು, ಬದಲಾವಣೆಯ ಸೌಕರ್ಯವೇ ದೊಡ್ಡದು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್. ದುಂಡು ಹರಳಾದರೆ 30 ಸೆಂಟಿನದು ಅಡ್ಡಕ್ಕೆ ಸುಮಾರು 4.3 ಮಿ.ಮೀ., 50 ಸೆಂಟಿನದು 5.1, ಒಂದು ಕ್ಯಾರೆಟ್‌ನದು 6.4ರಿಂದ 6.5 ಮಿ.ಮೀ. ಇರಬೇಕು. ತೂಕ ಇದ್ದೂ ಅಗಲ ಇಲ್ಲದಿದ್ದರೆ ಹರಳಿನ ಭಾರವೆಲ್ಲ ಅಡಿಯಲ್ಲಿ ಅಡಗಿದೆ ಎಂದರ್ಥ. ಬೆರಳ ಮೇಲೆ ಕಾಣದ ತೂಕಕ್ಕೆ ದುಡ್ಡು ಕೊಡುವುದು ಯಾಕೆ?

ಬಿಲ್ಲನ್ನು ಬಿಡಿಸಿ ನೋಡೋಣ. ಲೆಕ್ಕಕ್ಕೆ ಸುಲಭವಾಗಲೆಂದು 18 ಕ್ಯಾರೆಟ್ ಚಿನ್ನ (ಈ ಕ್ಯಾರೆಟ್ ಶುದ್ಧತೆಯದ್ದು, ತೂಕದ್ದಲ್ಲ) ಗ್ರಾಮಿಗೆ 8,000 ರೂ. ಎಂದಿಟ್ಟುಕೊಳ್ಳಿ. ಉಂಗುರದ ಒಟ್ಟು ತೂಕ 3.200 ಗ್ರಾಂ, ಮಧ್ಯದ ಹರಳು 0.30 ಕ್ಯಾರೆಟ್, ಪಕ್ಕದ ಸಣ್ಣವು ಸೇರಿ 0.12. ಒಟ್ಟು 0.42 ಕ್ಯಾರೆಟ್ ಅಂದರೆ 0.084 ಗ್ರಾಂ ಕಳೆದರೆ ನಿಜವಾದ ಚಿನ್ನ 3.116 ಗ್ರಾಂ, ಅದಕ್ಕೆ 24,928 ರೂ. ಕಲ್ಲಿನ ತೂಕ ಕಳೆಯದೆ ಬಿಲ್ ಮಾಡಿದರೆ ನಷ್ಟ 672 ರೂ. ಮಾತ್ರ. ಅದೇ ಮಧ್ಯದ ಹರಳಿನ ದರ ಕ್ಯಾರೆಟ್‌ಗೆ ಹತ್ತು ಸಾವಿರ ಹೆಚ್ಚು ಹಾಕಿದರೆ ಮೂರು ಸಾವಿರ ಹೋಯಿತು. ಹರಳು ಒಂದು ಕ್ಯಾರೆಟ್‌ನದಾದರೆ ಹತ್ತು ಸಾವಿರವೂ ಹೋಯಿತು. ಆದ್ದರಿಂದ ಮಧ್ಯದ ಹರಳಿಗೂ ಪಕ್ಕದವಕ್ಕೂ ಕ್ಯಾರೆಟ್ ದರವನ್ನು ಬೇರೆ ಬೇರೆ ಬರೆಸಿಕೊಳ್ಳಿ. ಎರಡನ್ನೂ ಒಂದೇ ಸಾಲಿನಲ್ಲಿ ಒಂದೇ ದರಕ್ಕೆ ಸೇರಿಸಿದ ಅಂದಾಜು ಪಟ್ಟಿ ಕೊಟ್ಟರೆ ಅದನ್ನು ಅಲ್ಲೇ ವಾಪಸ್ ಕೊಡಿ.

ಪೇಟೆಯಲ್ಲಿ ಮಲಯಾಳದಲ್ಲಿ 'ಪಣಿಕ್ಕೂಲಿ ಇಲ್ಲ', ಅಂದರೆ ಮಜೂರಿ ಇಲ್ಲ ಎಂದು ದೊಡ್ಡಕ್ಷರದಲ್ಲಿ ಬೋರ್ಡು ಹಾಕುತ್ತಾರಲ್ಲ, ಅದನ್ನು ನೋಡಿದಾಗ ಕೇಳಬೇಕಾದದ್ದು ಒಂದೇ: ಆಫರ್ ಇಲ್ಲದ ದಿನ ಇದೇ ಗ್ರೇಡಿನ ಹರಳಿಗೆ ಕ್ಯಾರೆಟ್ ದರ ಎಷ್ಟು? ಮಜೂರಿ ಸೊನ್ನೆ ಮಾಡಿ ವಜ್ರದ ದರ ಏರಿಸುವುದು ಕಷ್ಟದ ಕೆಲಸವಲ್ಲ. ಚಿನ್ನದ ದರ ಪೇಪರಿನಲ್ಲಿ ಬರುತ್ತದೆ, ವಜ್ರದ್ದು ಬರುವುದಿಲ್ಲ.

ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ತೆರಿಗೆ ಕಡಿಮೆ ಎಂಬ ಮಾತು ಮಂಜೇಶ್ವರ, ಉಪ್ಪಳ ಕಡೆ ಇನ್ನೂ ಓಡಾಡುತ್ತಿದೆ. 2019ರ ಆಗಸ್ಟಿನಿಂದ 2021ರ ಜುಲೈವರೆಗೆ ಕೇರಳದಲ್ಲಿ ಪ್ರವಾಹ ಸೆಸ್ ಇತ್ತು, ಚಿನ್ನಕ್ಕೆ ಶೇ. 0.25. ಅದು ಮುಗಿದು ವರ್ಷಗಳಾದವು. ಈಗ ಆಭರಣಕ್ಕೆ ಇಲ್ಲೂ ಅಲ್ಲೂ ಆನ್‌ಲೈನ್‌ನಲ್ಲೂ ಜಿಎಸ್‌ಟಿ ಶೇ. 3. ಮಂಗಳೂರಿನ ಲಾಭ ಆಯ್ಕೆಯದ್ದು: ಒಂದೇ ರಸ್ತೆಯಲ್ಲಿ ನಾಲ್ಕು ಶೋರೂಮು ಹತ್ತಿ ಇಳಿಯಬಹುದು. ನಷ್ಟ ಏನೆಂದರೆ, ಒಂದು ಸಣ್ಣ ಹರಳು ಬಿದ್ದುಹೋದರೂ ಮತ್ತೆ ಐವತ್ತು ಕಿ.ಮೀ. ಬಸ್ಸು ಹತ್ತಬೇಕು.

ಇನ್ನು ಸರ್ಟಿಫಿಕೇಟು. ಹಾಲ್‌ಮಾರ್ಕ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಹಾಲ್‌ಮಾರ್ಕ್ ಹೇಳುವುದು ಚಿನ್ನದ ವಿಷಯ ಮಾತ್ರ. ಉಂಗುರದ ಒಳಮೈಯಲ್ಲಿ ಬಿಐಎಸ್ ಗುರುತು, 18 ಕ್ಯಾರೆಟ್‌ಗೆ 750 ಅಥವಾ 14ಕ್ಕೆ 585, ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಎರಡು ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ಮಾತ್ರ ವಿನಾಯಿತಿ, ತೀರ ತೆಳ್ಳಗಿನ ಉಂಗುರ ಕೊಳ್ಳುವವರು ಇದನ್ನು ನೆನಪಿಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರಿಶುದ್ಧತೆಯ ಜೊತೆಗೆ ಆಭರಣ ಯಾವುದು ಎಂದೂ ಬರುತ್ತದೆ. ಕೈಯಲ್ಲಿ ಉಂಗುರ, ಆ್ಯಪಿನಲ್ಲಿ ಓಲೆ ಎಂದು ಬಂದರೆ ಎದ್ದು ಬನ್ನಿ. ಗಲ್ಫಿನಿಂದ ಬಂದ ಉಂಗುರಕ್ಕೆ ಈ ಮುದ್ರೆ ಇರುವುದಿಲ್ಲ. ಮುಂದೆ ಇಲ್ಲಿ ಬದಲಿಸುವಾಗ ಮತ್ತೆ ಪರೀಕ್ಷೆ ಆಗಬೇಕಾಗುತ್ತದೆ.

ಹರಳಿಗೆ ಬೇಕಾದದ್ದು ಜಿಐಎ ಅಥವಾ ಐಜಿಐ ಎಂಬ ವಜ್ರ ಪರೀಕ್ಷಿಸುವ ಲ್ಯಾಬಿನ ವರದಿ. ಇದರಲ್ಲೂ ಎರಡು ಬಗೆ. ಬಿಡಿ ಹರಳನ್ನು ಪರೀಕ್ಷಿಸಿ ಕೊಟ್ಟ ವರದಿ ಒಂದು. ಕಟ್ಟಿ ಮುಗಿದ ಉಂಗುರವನ್ನು ನೋಡಿ ಕೊಟ್ಟ ಸಣ್ಣ ಕಾರ್ಡು ಇನ್ನೊಂದು. ಕಾರ್ಡಿನಲ್ಲಿ ಬಣ್ಣಕ್ಕೆ 'ಜಿ-ಎಚ್', ಸ್ವಚ್ಛತೆಗೆ 'ವಿಎಸ್-ಎಸ್‌ಐ' ಎಂದು ಗ್ರೇಡು ಜೋಡಿಯಾಗಿ ಬರುತ್ತದೆ, ಏಕೆಂದರೆ ಚಿನ್ನದೊಳಗೆ ಕೂತ ಹರಳನ್ನು ಪೂರ್ತಿ ನೋಡಲಿಕ್ಕೆ ಆಗುವುದಿಲ್ಲ. ದರ ಹೇಳುವಾಗ ಜೋಡಿಯ ಮೇಲಿನ ಗ್ರೇಡನ್ನು ಹಿಡಿಯುತ್ತಾರೆ, ವಾಪಸ್ ಕೊಳ್ಳುವಾಗ ಕೆಳಗಿನದ್ದನ್ನು. ಹಾಗಾಗಿ ಒಂಟಿ ಹರಳಿನ ಉಂಗುರಕ್ಕೆ ಕಾರ್ಡು ಸಾಲದು, ಬಿಡಿ ಹರಳಿನ ವರದಿಯೇ ಬೇಕು. ಅಂಗಡಿಯವರೇ ಅಚ್ಚು ಹಾಕಿಸಿದ ಪ್ರಮಾಣಪತ್ರ ಯಾವುದಕ್ಕೂ ಆಗದು.

ವರದಿಯ ಸಂಖ್ಯೆಯನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಕಾಗದ ಅಸಲಿಯಾಗಿದ್ದು ಹರಳು ಬೇರೆಯದಾಗಿರಬಹುದಲ್ಲ? ಅದಕ್ಕೇ ಹರಳಿನ ಸೊಂಟದ ಸುತ್ತ, ಗರ್ಡಲ್ ಎನ್ನುವ ಕಡೆ, ಅದೇ ಸಂಖ್ಯೆಯನ್ನು ಸಾಮಾನ್ಯವಾಗಿ ಲೇಸರಿನಲ್ಲಿ ಕೊರೆದಿರುತ್ತಾರೆ. ಬರಿಗಣ್ಣಿಗೆ ಕಾಣುವುದಿಲ್ಲ. ಅಂಗಡಿಯವರ ಲೂಪ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೇಳಿ, ಹರಳನ್ನು ಮೊದಲು ಒರೆಸಿಸಿ; ಬೆರಳಿನ ಎಣ್ಣೆಪಸೆ ಇದ್ದರೆ ಅಕ್ಷರ ಮುಚ್ಚಿಹೋಗುತ್ತದೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಉಂಗುರವನ್ನು ಲೂಪಿನ ಹತ್ತಿರ ತನ್ನಿ, ಅಡ್ಡಕ್ಕೆ ಹಿಡಿದು ನಿಧಾನ ತಿರುಗಿಸಿ. ಬೂದು ಬಣ್ಣದ ಸಣ್ಣ ಅಂಕಿಗಳ ಸಾಲು ಒಂದು ಕಡೆ ಸಿಗುತ್ತದೆ. ಹರಳನ್ನು ಹಿಡಿದಿರುವ ಚಿನ್ನದ ಪ್ರಾಂಗ್ ಅದರ ಮೇಲೆ ಕೂತರೆ ಅರ್ಧವೇ ಕಾಣಬಹುದು. ಕಟ್ಟುವ ಮೊದಲೇ ಬಿಡಿ ಹರಳಿನಲ್ಲಿ ನೋಡಿಬಿಟ್ಟರೆ ಈ ರಗಳೆ ಇಲ್ಲ, ಮತ್ತು ಸಂಖ್ಯೆ ಕಾಣುವ ಹಾಗೆ ಪ್ರಾಂಗ್ ಕೂರಿಸಲು ಆಚಾರಿಗೆ ಹೇಳಬಹುದು.

ವರದಿಯಲ್ಲಿ ಜನ ನೋಡುವುದು ಬಣ್ಣ ಮತ್ತು ಸ್ವಚ್ಛತೆ. ನೋಡಬೇಕಾದದ್ದು ಕಟ್, ಅಂದರೆ ಹರಳನ್ನು ಕತ್ತರಿಸಿದ ರೀತಿ. ದುಂಡು ಹರಳಿಗೆ ಕಟ್ 'ಎಕ್ಸಲೆಂಟ್' ಎಂದೇ ಇರಲಿ, ಡೆಪ್ತ್ (ಹರಳಿನ ಅಗಲಕ್ಕೆ ಹೋಲಿಸಿದ ಆಳ) ಶೇ. 60ರಿಂದ 62.5ರೊಳಗೆ, ಟೇಬಲ್ (ಅಗಲಕ್ಕೆ ಹೋಲಿಸಿದ ಮೇಲಿನ ಸಪಾಟು ಮುಖ) ಶೇ. 54ರಿಂದ 58ರೊಳಗೆ ಇರಲಿ. ಹೊಳಪು ಬರುವುದು ಇದರಿಂದ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಐ ಅಥವಾ ಜೆ ಬಣ್ಣವೂ ಸಾಕು, ಚಿನ್ನದ ಹಳದಿಯಲ್ಲಿ ಹರಳಿನ ಹಳದಿ ಕಾಣುವುದಿಲ್ಲ. ವೈಟ್ ಗೋಲ್ಡಿಗೂ ಪ್ಲಾಟಿನಮ್ಮಿಗೂ ಜಿ ಅಥವಾ ಎಚ್ ಬೇಕು. ಸ್ವಚ್ಛತೆಯಲ್ಲಿ ಮೇಲಿನ ಗ್ರೇಡಾದ ವಿವಿಎಸ್‌ಗೆ ಸುರಿಯುವ ಹಣ ಲೂಪ್ ಹಿಡಿದವನಿಗೆ ಮಾತ್ರ ಕಾಣುತ್ತದೆ, ವಿಎಸ್2 ಧಾರಾಳ. ಸರಿಯಾಗಿ 0.50 ಎಂಬಲ್ಲಿ, 1.00 ಎಂಬಲ್ಲಿ ಕ್ಯಾರೆಟ್ ದರ ಒಮ್ಮೆಗೇ ಜಿಗಿಯುತ್ತದೆ. 0.47, 0.95 ಸಿಕ್ಕಿದರೆ ಬಿಡಬೇಡಿ, ಬೀಗರಿಗೆ ವ್ಯತ್ಯಾಸ ಗೊತ್ತಾಗದು.

ಶೋರೂಮಿನ ಸ್ಪಾಟ್‌ಲೈಟಿನ ಕೆಳಗೆ ಕಳಪೆ ಕಟ್ಟಿನ ಹರಳೂ ಕುಣಿಯುತ್ತದೆ. ಬಾಗಿಲ ಹತ್ತಿರದ ನೆರಳಿಗೆ ತೆಗೆದುಕೊಂಡು ಹೋಗಿ ನೋಡಿ. ನಡುವೆ ಬೂದು ಬಣ್ಣಕ್ಕೆ ತಿರುಗಿ ಸಪ್ಪೆಯಾದರೆ ಬೆಳಕು ಅಡಿಯಿಂದ ಸೋರುತ್ತಿದೆ ಎಂದು ಲೆಕ್ಕ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಅಂಗಡಿ ಖಾಲಿ. ಹೀಗೆ ಕೂತು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಅಕ್ಷಯ ತೃತೀಯದ ದಿನ ನಿಲ್ಲಲಿಕ್ಕೂ ಜಾಗ ಸಿಗದು.

ಆನ್‌ಲೈನ್‌ನ ದೊಡ್ಡ ಗುಣ ಬೆಲೆ ಬಿಡಿಸಿ ತೋರಿಸುವುದು. ಟೈಟನ್‌ನವರ ಕ್ಯಾರಟ್‌ಲೇನ್, ಕಲ್ಯಾಣ್‌ನವರ ಕ್ಯಾಂಡಿಯರ್, ಬೆಂಗಳೂರಿನ ಬ್ಲೂಸ್ಟೋನ್ ಮೂರರಲ್ಲೂ ಚಿನ್ನ, ವಜ್ರ, ಮಜೂರಿ, ತೆರಿಗೆ ಬೇರೆ ಬೇರೆ ಕಾಣುತ್ತದೆ. ಕೊಳ್ಳದಿದ್ದರೂ ಆ ಪುಟವನ್ನು ಫೋನಿನಲ್ಲಿ ಇಟ್ಟುಕೊಂಡು ಊರಿನ ಅಂಗಡಿಗೆ ಹೋಗಿ, ಮಾತಿನ ಧಾಟಿಯೇ ಬದಲಾಗುತ್ತದೆ. ಕುಟುಂಬದವರೇ ನಡೆಸುವ ಅಂಗಡಿಯಾದರೆ ಮುಂಬೈ ಅಥವಾ ಸೂರತ್ತಿನಿಂದ ಎರಡು ಮೂರು ಹರಳು ತರಿಸಿ ತೋರಿಸಲು ಹೇಳಬಹುದು. ವರದಿಯ ಸಂಖ್ಯೆಗಳನ್ನು ಮೊದಲೇ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.

ಆನ್‌ಲೈನ್ ಎಡವುವುದು ಬೇರೆ ಕಡೆ. ಪುಟದಲ್ಲಿ ಕಂಡ ಬಿಡಿ ಹರಳು ಎಷ್ಟೋ ಸಲ ಮಾರುವವರ ಕೈಯಲ್ಲೇ ಇರುವುದಿಲ್ಲ, ಬೇರೆ ವ್ಯಾಪಾರಿಯ ಬಳಿ ಇರುತ್ತದೆ. ಹಣ ಕಟ್ಟಿದ ಮೇಲೆ 'ಅದು ಹೋಯಿತು, ಅದೇ ಗ್ರೇಡಿನ ಇನ್ನೊಂದು ಹಾಕುತ್ತೇವೆ' ಎಂದು ಫೋನ್ ಬಂದರೆ, ಹೊಸ ವರದಿಯ ಸಂಖ್ಯೆಯೂ ವಿಡಿಯೋವೂ ಬರುವವರೆಗೆ ಹೂಂ ಎನ್ನಬೇಡಿ. ಕಾಸರಗೋಡು ಪೇಟೆಯ 671121ಕ್ಕೆ ತಲುಪಿಸುವ ಕೊರಿಯರ್ ಬದಿಯಡ್ಕದ 671551ಕ್ಕೆ ಬರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಪಿನ್ ಹಾಕಿ ನೋಡುವಾಗ ವಾಪಸ್ ಒಯ್ಯುವ ಸೌಲಭ್ಯ ಇದೆಯೇ ಎಂದೂ ನೋಡಿ. ಪೊಟ್ಟಣ ಬಂದರೆ ಸೀಲು ಕಾಣುವ ಹಾಗೆ ವಿಡಿಯೋ ಮಾಡುತ್ತಾ ಬಿಚ್ಚಿ, ಅದೇ ದಿನ ಪರಿಚಯದ ಅಂಗಡಿಯಲ್ಲಿ ತೂಕ ಹಾಕಿಸಿ. ಒಳಗೆ ಹೆಸರು ಕೆತ್ತಿಸಿದರೆ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಮಾಡಿಸಲು ಎರಡು ಮೂರು ವಾರ, ಸೈಜು ತಪ್ಪಿದರೆ ಇನ್ನೆರಡು ವಾರ. ಮುಹೂರ್ತಕ್ಕೆ ಆರು ವಾರ ಇರುವಾಗಲೇ ಆರ್ಡರ್ ಹೋಗಿರಲಿ.

ಸೈಜು ತಪ್ಪುವುದು ಬೆರಳನ್ನು ನೂಲಿನಿಂದ ಅಳೆಯುವುದರಿಂದ. ನೂಲು ಹಿಗ್ಗುತ್ತದೆ. ಅರ್ಧ ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿ, ಮಿ.ಮೀ.ನಲ್ಲಿ ಅಳೆದು 40 ಕಳೆಯಿರಿ: 52 ಬಂದರೆ ಭಾರತದ ಸೈಜು 12. ನಮ್ಮ ಕರಾವಳಿಯ ಸೆಕೆಗೆ ಬೆರಳು ಊದುತ್ತದೆ, ಅಳತೆ ಸಂಜೆ ತೆಗೆಯಿರಿ, ಗಂಟು ದಪ್ಪ ಇದ್ದರೆ ಗಂಟನ್ನೂ ಅಳೆಯಿರಿ. ಹುಡುಗಿ ಪೆರ್ಲದಲ್ಲಿ, ಹುಡುಗ ದುಬೈಯಲ್ಲಿ ಎಂಬಂಥ ಸಂಬಂಧಗಳಲ್ಲಿ ಉಂಗುರ ತೊಡುವವರ ಮನೆಯವರು ಯಾವುದಾದರೂ ಅಂಗಡಿಯ ರಿಂಗ್ ಸೈಜರ್‌ನಲ್ಲಿ ನೋಡಿ ನಂಬರ್ ಕಳುಹಿಸುವುದೇ ಲೇಸು. ಹಿಂಬದಿ ಸಪಾಟಾಗಿರುವ ಉಂಗುರವನ್ನು ಒಂದೆರಡು ಸೈಜು ಹಿಗ್ಗಿಸಬಹುದು, ಕುಗ್ಗಿಸಬಹುದು. ಸುತ್ತಲೂ ಹರಳಿರುವುದನ್ನು ಆಗುವುದೇ ಇಲ್ಲ. ಪ್ಲಾಟಿನಮ್ ಕರಗುವುದು 1,768 ಡಿಗ್ರಿಯಲ್ಲಿ, ಊರಿನ ಆಚಾರಿಯ ಬಳಿ ಅದಕ್ಕೆ ಬೇಕಾದ ಉಪಕರಣ ಇರುವುದು ಅಪರೂಪ. ವೈಟ್ ಗೋಲ್ಡಿನ ರೋಡಿಯಂ ಲೇಪ ಬೆವರಿಗೆ ಬೇಗ ಸವೆದು ಹಳದಿ ಇಣುಕುತ್ತದೆ, ಮತ್ತೆ ಹಾಕಿಸಬೇಕು. ತೋಟ, ಹಟ್ಟಿ, ಅಡುಗೆಮನೆ ಎಂದು ದಿನವಿಡೀ ಕೈ ಆಡುವವರಿಗೆ ಎತ್ತರದ ನಾಲ್ಕು ಪ್ರಾಂಗಿಗಿಂತ ಸುತ್ತಲೂ ಚಿನ್ನದ ಅಂಚಿರುವ ತಗ್ಗಿನ ಬೆಜೆಲ್ ವಾಸಿ.

ಲ್ಯಾಬಿನಲ್ಲಿ ಬೆಳೆದ ವಜ್ರದ ಬಗ್ಗೆ ಸುಮ್ಮನೆ ಮೂಗು ಮುರಿಯಬೇಕಾಗಿಲ್ಲ. ಅದೂ ವಜ್ರವೇ, ಬೆಲೆ ಗಣಿಯದ್ದರ ಕಾಲು ಭಾಗಕ್ಕಿಂತಲೂ ಕಡಿಮೆ. ಮಾರುವಾಗ ಮಾತ್ರ ಕೈಗೆ ಬರುವುದು ಅಲ್ಪ. ಅಂಗಡಿಯ ಪೆನ್ನಿನಂಥ ಟೆಸ್ಟರ್ 'ಬೀಪ್' ಎಂದರೆ ಗಣಿಯದ್ದು ಎಂದಲ್ಲ: ಶಾಖ ಅಳೆಯುವ ಟೆಸ್ಟರ್ ಲ್ಯಾಬ್ ವಜ್ರಕ್ಕೂ ಕೂಗುತ್ತದೆ, ವಜ್ರದಂತೆ ಕಾಣುವ ಮೊಯ್ಸನೈಟ್ ಕಲ್ಲಿಗೂ ಕೂಗುತ್ತದೆ. ಗಣಿಯದ್ದೆಂದು ದುಡ್ಡು ಕೊಡುವುದಾದರೆ ಬಿಲ್ಲಿನಲ್ಲಿ 'ನ್ಯಾಚುರಲ್' ಎಂದು ಬರೆಸಿ, ಪಕ್ಕದ ಸಣ್ಣ ಹರಳುಗಳಿಗೂ. ಬಿಡಿ ಹರಳಿನ ಬಿಲ್ಲಾದರೆ ತೆರಿಗೆಗೆ ಸರಕಿನ ಬಗೆ ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ ನೋಡಿ: ಗಣಿಯದ್ದಕ್ಕೆ 7102, ಲ್ಯಾಬಿನದ್ದಕ್ಕೆ 7104.

ಎಕ್ಸ್‌ಚೇಂಜ್ ಬೇರೆ, ಬೈಬ್ಯಾಕ್ ಬೇರೆ. ಒಂದರಲ್ಲಿ ಇನ್ನೊಂದು ಆಭರಣ ಸಿಗುತ್ತದೆ, ಇನ್ನೊಂದರಲ್ಲಿ ಹಣ. ಶೇಕಡಾ ಎಷ್ಟು ಎನ್ನುವುದಕ್ಕಿಂತ ಯಾವುದರ ಶೇಕಡಾ ಎಂದು ಕೇಳಿ: ಕೊಂಡ ದಿನದ ಬೆಲೆಯದ್ದೋ, ವಾಪಸ್ ಕೊಡುವ ದಿನದ ದರದ್ದೋ. ಮಜೂರಿ ಮತ್ತು ಜಿಎಸ್‌ಟಿ ಹೇಗೂ ಹೋಯಿತು. ತಿಂಗಳ ಚಿಟ್ಟಿಯ ಥರದ 11 ಕಂತಿನ ಯೋಜನೆಯ ಹಣ ವಜ್ರಕ್ಕೆ ನಡೆಯುತ್ತದೆಯೇ ಎಂದು ಕಟ್ಟುವ ಮೊದಲೇ ತಿಳಿದುಕೊಳ್ಳಿ. ಎರಡು ಲಕ್ಷ ದಾಟಿದರೆ ಪ್ಯಾನ್ ಬೇಕು, ಅಷ್ಟು ನಗದು ಅಂಗಡಿಯವರು ತೆಗೆದುಕೊಳ್ಳುವಂತಿಲ್ಲ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಕಾಯಿದೆಯ ಪ್ರಕಾರ ಮಾರಿದವರು ಮುಂಬೈಯಲ್ಲಿದ್ದರೂ ದೂರನ್ನು ನಮ್ಮ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು.

ಉಂಗುರ ಕೈಗೆ ಬಂದಾಗ ಹತ್ತಿಯ ಎಳೆಯೊಂದನ್ನು ಪ್ರಾಂಗ್‌ಗಳ ಮೇಲೆ ಎಳೆದು ನೋಡಿ, ಸಿಕ್ಕಿಕೊಂಡರೆ ತುದಿ ಎದ್ದಿದೆ. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಾಗ ಕಿರಿಕಿರಿ ಸದ್ದು ಬಂದರೆ ಹರಳು ಸಡಿಲ. ವಜ್ರಕ್ಕೆ ಎಣ್ಣೆ ಬೇಗ ಅಂಟುತ್ತದೆ, ತೆಂಗಿನೆಣ್ಣೆ ಹಚ್ಚುವ ಮನೆಗಳಲ್ಲಿ ವಾರದಲ್ಲೇ ಮಂಕಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಕಾಲು ಗಂಟೆ ನೆನೆಸಿ, ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ಹರಳಿನ ಅಡಿಭಾಗವನ್ನು ಉಜ್ಜಿ. ಬೇಸಿನ್ನಿನಲ್ಲಿ ತೊಳೆಯಬೇಡಿ, ಬಟ್ಟಲಿನಲ್ಲೇ ತೊಳೆಯಿರಿ. ಆರು ತಿಂಗಳಿಗೊಮ್ಮೆ ಪ್ರಾಂಗ್ ಬಿಗಿ ಮಾಡಿಸಿ, ಮತ್ತು ರಿಪೇರಿಗೆ ಕೊಡುವಾಗ ಚೀಟಿಯಲ್ಲಿ ಹರಳಿನ ಲೇಸರ್ ಸಂಖ್ಯೆ ಬರೆಸಿಕೊಳ್ಳಿ.